ಕತ್ತರಿಯೂ ಕಾದಂಬರಿಯೂ

1953ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಸ್ಟಾಲಿನ್ನನು ಮರಣಹೊಂದಿ ಇನ್ನೂ ನಾಲ್ಕು ತಿಂಗಳು ತುಂಬಿರದ ಕಾಲದಲ್ಲಿ, ಸೋವಿಯತ್ ದೇಶದ ಗೂಢ ಪೊಲೀಸಿನ ಅಧಿಪತಿಯಾಗಿದ್ದ ಲವ್ರೆಂತಿ ಬೆರಿಯಾ ತನ್ನ ಸಹೋದ್ಯೋಗಿಗಳಿಂದಲೇ ಸೆರೆಹಿಡಿಯಲ್ಪಟ್ಟನು. ಡಿಸೆಂಬರ್ ಕಳೆಯುವುದರೊಳಗೆ ಅವನ ವಿಚಾರಣೆಯೂ ಮರಣದಂಡನೆಯೂ ಎರಡೂ ಮುಗಿದುಹೋದುವು. ಆದರೆ ಒಂದು ತೊಡಕು ಉಳಿದಿತ್ತು. ಕೆಲವು ವರ್ಷಗಳ ಹಿಂದೆಯಷ್ಟೇ ಹೊರಬಂದಿದ್ದ ಮಹಾ ಸೋವಿಯತ್ ವಿಶ್ವಕೋಶದ ಐದನೆಯ ಸಂಪುಟದಲ್ಲಿ ಅವನ ಗುಣಗಾನ ಮಾಡಿದ ಲೇಖನವೊಂದೂ ಅದಕ್ಕೆ ತಕ್ಕ ಭಾವಚಿತ್ರವೊಂದೂ ಅಚ್ಚಾಗಿ, ಚಂದಾದಾರರ ಮನೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಸ್ಥಿರವಾಗಿ ಕುಳಿತಿದ್ದುವು. ಆಗ ಆ ಚಂದಾದಾರರಿಗೆ ಪ್ರಕಾಶಕರಿಂದ ಒಂದು ಲಕೋಟೆ ಬಂದಿತು. ಐದನೆಯ ಸಂಪುಟದ 21ರಿಂದ 24ರವರೆಗಿನ ಪುಟಗಳನ್ನೂ ಅವುಗಳ ನಡುವಣ ಭಾವಚಿತ್ರವನ್ನೂ ಕತ್ತರಿಯಿಂದಲೋ ಕ್ಷೌರದ ಅಲಗಿನಿಂದಲೋ ತೆಗೆದುಹಾಕಬೇಕೆಂದೂ, ಹೊಲಿಗೆಯ ಬಳಿ ಕಾಗದದ ಅಂಚನ್ನು ಸ್ವಲ್ಪ ಉಳಿಸಿಕೊಂಡು, ಜತೆಗೆ ಕಳುಹಿಸಿರುವ ಹೊಸ ಪುಟಗಳನ್ನು ಅದಕ್ಕೆ ಅಂಟಿಸಬೇಕೆಂದೂ ಅದರಲ್ಲಿ ಸೂಚನೆಯಿತ್ತು. ಅಕ್ಷರಾನುಕ್ರಮದಲ್ಲಿ ಬೆರಿಯಾನ ನೆರೆಯಲ್ಲಿದ್ದುದು ಬೆರಿಂಗ್ ಸಮುದ್ರ. ಹೊಸ ಪುಟಗಳಲ್ಲಿ ಆ ಸಮುದ್ರವು ಚಿತ್ರಗಳ ಸಮೇತ ಹರಡಿಕೊಂಡು, ಗತಿಸಿದ ಮಂತ್ರಿಯ ಜಾಗವನ್ನೆಲ್ಲ ಆಕ್ರಮಿಸಿಬಿಟ್ಟಿತು.

ಈ ವೃತ್ತಾಂತವನ್ನು ಕೇಳಿದವರು ಸಾಮಾನ್ಯವಾಗಿ, ಇದು ಆರ್ವೆಲ್ಲನ ‘1984’ ಕಾದಂಬರಿಯಿಂದ ಎದ್ದುಬಂದಂತಿದೆಯಲ್ಲ ಎಂದು ಉದ್ಗರಿಸುವುದುಂಟು. ಆ ಕಾದಂಬರಿ ಪ್ರಕಟವಾದುದು 1949ರಲ್ಲಿ. ಲಕೋಟೆ ಬಂದುದು ಅದಾದ ಮೇಲೆ. ಆದುದರಿಂದ ಆರ್ವೆಲ್ಲನು ದ್ರಷ್ಟಾರನೆಂಬ ಪ್ರಶಂಸೆಯೂ ಸುಲಭವಾಗಿ ಹೊರಡುತ್ತದೆ. ಡಿಸ್ಟೋಪಿಯ ಎಂಬ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವ, ನಾವು ದುಃಸ್ವಪ್ನರಾಜ್ಯದ ಕಥೆಗಳೆಂದು ಕರೆಯಬಹುದಾದ ಈ ವರ್ಗದ ಕಾದಂಬರಿಗಳಿಗೆಲ್ಲ ಇದೇ ಬಗೆಯ ಹೊಗಳಿಕೆ ಸಲ್ಲುತ್ತ ಬಂದಿದೆ. ಅವು ಮುಂದಾಗುವುದನ್ನು ಮುಂಚೆಯೇ ನುಡಿದುವು ಎಂದು. ನನಗೆ ಈ ಮಾತು ಅಷ್ಟಾಗಿ ಹಿಡಿಸದು. ಅವುಗಳ ಕರ್ತೃಗಳು ಭವಿಷ್ಯದ ಕಡೆಗೆ ದೃಷ್ಟಿಯಿಟ್ಟವರಲ್ಲ. ತಮ್ಮ ಕಾಲದ ಒಂದು ಕಸುಬನ್ನು, ಅದು ನಡೆಯುವ ಮೇಜಿನ ಬಳಿಯೇ ನಿಂತು, ಒಬ್ಬ ಕಸುಬುದಾರನು ಇನ್ನೊಬ್ಬನ ಕೈಚಳಕವನ್ನು ನೋಡುವಂತೆ ನೋಡಿದವರು. ಆ ಕಸುಬಿನ ಚರಿತ್ರೆಯನ್ನು ಬಿಟ್ಟು ಈ ಕಾದಂಬರಿಗಳನ್ನು ಓದಿದರೆ ಅವು ಕೇವಲ ಭಯಾನಕ ಕಲ್ಪನೆಗಳಾಗಿ ಕಾಣುತ್ತವೆ. ಅದರೊಡನೆ ಓದಿದರೆ ಬಹುಮಟ್ಟಿಗೆ ದಿನಚರಿಗಳಾಗಿ ಕಾಣುತ್ತವೆ.

ರಾಜ್ಯವು ತನಗೆ ಬೇಡವಾದ ಮಾತನ್ನು ಅಳಿಸುವುದು ಪುರಾತನವಾದ ವಾಡಿಕೆ. ಜಾರರ ರಷ್ಯದಲ್ಲಿ ಹೊರದೇಶದ ಪತ್ರಿಕೆಗಳು ಗಡಿಯನ್ನು ದಾಟುವಾಗ ಅಪ್ರಿಯವಾದ ಪಂಕ್ತಿಗಳ ಮೇಲೆ ಕರಿಯ ಮಸಿಯನ್ನು ಹಚ್ಚಿ ಒಳಕ್ಕೆ ಬಿಡುತ್ತಿದ್ದರು. ಈ ಕ್ರಮದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿತ್ತೆಂದು ಹೇಳಿದರೆ ವಿಚಿತ್ರವಾಗಿ ತೋರಬಹುದು. ಆದರೆ ಮಸಿಯನ್ನು ಕಂಡ ಓದುಗನಿಗೆ ಅಲ್ಲಿ ಏನೋ ಇತ್ತೆಂಬುದಾದರೂ ತಿಳಿಯುತ್ತಿತ್ತು. ಕ್ರಾಂತಿಯ ತರುವಾಯ, 1922ರ ಜೂನ್ 6ರಂದು, ಗ್ಲಾವ್‌ಲಿತ್ ಎಂಬ ಸಂಕ್ಷಿಪ್ತನಾಮದ ಒಂದು ಕೇಂದ್ರ ಕಚೇರಿ ಸ್ಥಾಪಿತವಾಯಿತು. ಅದನ್ನು ವಿದ್ಯಾ ಇಲಾಖೆಯ ಅಂಗವಾಗಿಟ್ಟುದು ಸ್ಮರಣೀಯವಾದ ಸಂಗತಿ. ಪುಸ್ತಕ, ಪತ್ರಿಕೆ, ಭಿತ್ತಿಪತ್ರ, ಏನೇ ಅಚ್ಚಾಗಬೇಕಾದರೂ ಅದರ ಅನುಮತಿಯ ಸಂಖ್ಯೆ ಬೇಕಾಗಿತ್ತು. ಈ ಕಚೇರಿಯ ದೀರ್ಘಾಯುಸ್ಸಿನಲ್ಲಿ ಹಳೆಯ ಕಸುಬು ಹೊಸ ಪ್ರೌಢಿಮೆಯನ್ನು ಪಡೆಯಿತು. ಪುಟದಲ್ಲಿ ಮಸಿಯ ಕಲೆ ಕಾಣಬಾರದು, ಬಿಳಿಯ ಜಾಗವೂ ಉಳಿಯಬಾರದು. ಕತ್ತರಿಸಿದ ಗುರುತೇ ಇರದಂತೆ ಅಲ್ಲಿ ಮತ್ತೊಂದನ್ನು ತುಂಬಬೇಕು ಎಂಬುದೇ ಆ ಪ್ರೌಢಿಮೆ.

ಛಾಯಾಚಿತ್ರಗಳಲ್ಲಿ ಇದು ಕಣ್ಣಿಗೆ ಕಟ್ಟುವಂತೆ ತೋರುತ್ತದೆ. 1920ರ ಮೇ 5ರಂದು ಲೆನಿನ್ನನು ಮಾಸ್ಕೋದ ಚೌಕವೊಂದರಲ್ಲಿ, ಯುದ್ಧರಂಗಕ್ಕೆ ಹೊರಟಿದ್ದ ಸೈನಿಕರನ್ನು ಉದ್ದೇಶಿಸಿ ಮಾತನಾಡಿದನು. ಅವನು ನಿಂತ ಮರದ ವೇದಿಕೆಯ ಮಗ್ಗುಲಿನ ಮೆಟ್ಟಿಲ ಬಳಿ ಟ್ರಾಟ್‌ಸ್ಕಿಯೂ ಕಾಮೆನೆವ್‌ನೂ ನಿಂತಿದ್ದುದನ್ನು ಆ ದಿನದ ಪ್ರಸಿದ್ಧ ಚಿತ್ರ ತೋರಿಸುತ್ತದೆ. ಅವರಿಬ್ಬರೂ ಅಧಿಕಾರಚ್ಯುತರಾದ ಮೇಲೆ ಅಚ್ಚಾದ ಪ್ರತಿಗಳಲ್ಲಿ ಅವರಿಲ್ಲ. ಮರದ ಮೆಟ್ಟಿಲುಗಳು ಮಾತ್ರ ಇವೆ. ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿ ನಡೆದುಬರುತ್ತಿದ್ದ ನಿಕೊಲಾಯ್ ಯೆಜೋವ್‌ನ ಗತಿಯೂ ಇದೇ ಆಯಿತು. 1937ರ ಮಹಾಸಂಹಾರವನ್ನು ನಡೆಸಿದವನೇ ಅವನು. 1940ರಲ್ಲಿ ತಾನೂ ಗುಂಡಿಗೆ ಬಲಿಯಾದನು. ಚಿತ್ರದಲ್ಲಿ ಅವನ ಸ್ಥಾನವನ್ನು ಕಾಲುವೆಯ ನೀರು ತುಂಬಿಕೊಂಡಿತು. ಕುಂಚವನ್ನು ಹಿಡಿದು ಈ ಮೆಟ್ಟಿಲುಗಳನ್ನೂ ಈ ನೀರನ್ನೂ ಬಿಡಿಸಿದ ಅನಾಮಿಕ ಕುಶಲಿಗಳನ್ನು ಕಲಾವಿದರೆನ್ನದೆ ಬೇರೇನೆಂದು ಕರೆಯುವುದು? ನೀರಿನ ಅಲೆ ಸಹಜವಾಗಿರಬೇಕಾದರೆ ನೀರನ್ನು ನೋಡಿ ಬಲ್ಲವನಾಗಿರಬೇಕಷ್ಟೆ.

ಬಿಳಿಯ ಜಾಗವು ಮಾತನಾಡುತ್ತದೆ, ಆದುದರಿಂದ ಅದರ ಬಾಯಿ ಮುಚ್ಚಿಸಬೇಕು ಎಂಬ ತಿಳಿವಳಿಕೆ ರಷ್ಯಕ್ಕೆ ಮಾತ್ರ ಸೀಮಿತವಾದುದಲ್ಲ. ನಮ್ಮಲ್ಲಿಯೂ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಿತವಾದ ಬಳಿಕ, 28ರ ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಸ್ಥಳವನ್ನು ಖಾಲಿಯಾಗಿ ಬಿಟ್ಟು ಹೊರಬಂದಿತು; ಮತ್ತೆ ಕೆಲವರು ಗಾಂಧೀಜಿಯವರ, ರವೀಂದ್ರರ ವಾಕ್ಯಗಳನ್ನು ಆ ಸ್ಥಳದಲ್ಲಿ ಅಚ್ಚುಮಾಡತೊಡಗಿದರು. ಸೆನ್ಸಾರಿನವರು ಇದನ್ನು ಗಮನಿಸದೆ ಬಿಡಲಿಲ್ಲ. ಸಂಪಾದಕೀಯವನ್ನು ಖಾಲಿ ಬಿಡಕೂಡದು, ಮಹಾಪುರುಷರ ಉಕ್ತಿಗಳಿಂದಲೂ ತುಂಬಕೂಡದು ಎಂಬುದು ಅವರು ಹೊರಡಿಸಿದ ಮಾರ್ಗದರ್ಶಿ ನಿಯಮಗಳಲ್ಲಿ ಸ್ಪಷ್ಟವಾಗಿ ಸೇರಿತು. ದೆಹಲಿಯ ಪತ್ರಿಕೆಗಳಂತೆ ಬೆಂಗಳೂರಿನ, ಹುಬ್ಬಳ್ಳಿಯ ಪತ್ರಿಕೆಗಳೂ ಅದಕ್ಕೆ ಒಳಪಟ್ಟುವು.

ಇನ್ನು ಕಾದಂಬರಿಯ ಮಾತು. ಇಲ್ಲದುದನ್ನು ಇದ್ದಂತೆ ತೋರಿಸುವುದು, ಹುಟ್ಟದವನಿಗೆ ಹುಟ್ಟೂರನ್ನೂ ನಡೆನುಡಿಗಳನ್ನೂ ಕೊಟ್ಟು ಓದುಗನು ಅವನಿಗಾಗಿ ಮರುಗುವಂತೆ ಮಾಡುವುದು, ಇವು ಕಾದಂಬರಿಕಾರನ ವೃತ್ತಿಯ ಮೂಲಧನ. ಪ್ರಚಾರದ ಅಧಿಕಾರಿಯ ಮೂಲಧನವೂ ಇದೇ. ಇಬ್ಬರೂ ಕಾಗದವನ್ನು ಕಲ್ಪನೆಯಿಂದ ತುಂಬುವವರು. ಒಬ್ಬನು ಇದು ಕಥೆಯೆಂದು ಮೊದಲ ಪುಟದಲ್ಲಿಯೇ ಒಪ್ಪಿಕೊಳ್ಳುತ್ತಾನೆ, ಇನ್ನೊಬ್ಬನು ಒಪ್ಪಿಕೊಳ್ಳುವುದಿಲ್ಲ. ದುಃಸ್ವಪ್ನರಾಜ್ಯದ ಉತ್ತಮ ಕಾದಂಬರಿಗಳೆಲ್ಲ ಈ ದಾಯಾದಿ ಸಂಬಂಧದ ಅರಿವಿನಿಂದ ಹುಟ್ಟಿದುವೆಂದು ನನ್ನ ನಂಬಿಕೆ. ಅವು ಕೊಡುವ ಎಚ್ಚರಿಕೆಗೆ ಬಲ ಬಂದಿರುವುದೂ ಅದರಿಂದಲೇ.

ಈ ವಂಶಕ್ಕೆ ಮೂಲಪುರುಷನೆಂದು ಹೇಳಬೇಕಾದವನು ಯೆವ್ಗೆನಿ ಜಮ್ಯಾತಿನ್. ಅವನಿಗಿಂತ ಮುಂಚೆ ವೆಲ್ಸ್ ಇದ್ದನು, ಜ್ಯಾಕ್ ಲಂಡನ್ ಇದ್ದನು; ಅವರು ಹಾಕಿದ ಗೆರೆಗಳು ಇವನಿಗೆ ತಿಳಿದಿದ್ದುವು, ವೆಲ್ಸನ ಅನುವಾದಗಳಿಗೆ ಇವನೇ ಸಂಪಾದಕನಾಗಿದ್ದನು. ಆದರೆ ಸರ್ವಸಂಪೂರ್ಣವಾದ ರಾಜ್ಯವೊಂದನ್ನು, ಅದರೊಳಗೆ ಸುಖವಾಗಿರುವವನೊಬ್ಬನ ಬಾಯಿಂದಲೇ ವರ್ಣಿಸಿದ ಮೊದಲಿಗನು ಇವನೇ. 1884ರಲ್ಲಿ ಲೆಬೆದ್ಯಾನ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಜಮ್ಯಾತಿನ್ ಪೀಟರ್ಸ್‌ಬರ್ಗಿನಲ್ಲಿ ಹಡಗು ನಿರ್ಮಾಣದ ಎಂಜಿನಿಯರಾದನು. ವಿದ್ಯಾರ್ಥಿಯಾಗಿದ್ದಾಗಲೇ ಬಾಲ್ಶೆವಿಕ್ ಪಕ್ಷವನ್ನು ಸೇರಿ 1905ರಲ್ಲಿ ಏಕಾಂತ ಸೆರೆವಾಸವನ್ನು ಅನುಭವಿಸಿದನು. 1914ರಲ್ಲಿ ಸೈನ್ಯದ ಠಾಣೆಯೊಂದರ ಬಾಳನ್ನು ಪರಿಹಾಸ್ಯ ಮಾಡಿದ ಅವನ ಕಥೆ ಅಚ್ಚಾದ ಪತ್ರಿಕೆಯನ್ನು ಜಾರನ ಸರ್ಕಾರ ವಶಪಡಿಸಿಕೊಂಡಿತು. 1916ರಲ್ಲಿ ಅವನನ್ನು ಇಂಗ್ಲೆಂಡಿಗೆ ಕಳುಹಿಸಿದರು. ನ್ಯೂಕಾಸಲ್ಲಿನ ಹಡಗುಕಟ್ಟೆಗಳಲ್ಲಿ ರಷ್ಯಕ್ಕಾಗಿ ಸಿದ್ಧವಾಗುತ್ತಿದ್ದ, ಹಿಮವನ್ನು ಒಡೆದು ದಾರಿಮಾಡುವ ನೌಕೆಗಳ ಮೇಲ್ವಿಚಾರಣೆ ಅವನ ಪಾಲಿಗೆ ಬಂದಿತು. ಅವುಗಳಲ್ಲಿ ಸಂತ ಅಲೆಕ್ಸಾಂದರ್ ನೆವ್‌ಸ್ಕಿ ಎಂಬ ನೌಕೆಯ ರಚನೆಯಲ್ಲಿ ಅವನ ಕೈ ಬಹುವಾಗಿತ್ತು. ಕ್ರಾಂತಿಯ ಬಳಿಕ ಆ ನೌಕೆಗೆ ಲೆನಿನ್ ಎಂದು ಹೆಸರಾಗಿ ಅದು ದಶಕಗಳ ಕಾಲ ಉತ್ತರದ ಸಮುದ್ರಗಳಲ್ಲಿ ಸಂಚರಿಸಿತು. ಅವನ ಹಡಗಿಗೆ ದೊರೆತ ಮರ್ಯಾದೆ ಅವನ ಪುಸ್ತಕಕ್ಕೆ ದೊರೆಯಲಿಲ್ಲ.

1920–21ರಲ್ಲಿ ಪೆಟ್ರೋಗ್ರಾಡಿನ ಚಳಿಯಲ್ಲಿಯೂ ಹಸಿವಿನಲ್ಲಿಯೂ ಅವನು ಬರೆದ ಆ ಪುಸ್ತಕದ ಹೆಸರು ‘ನಾವು’. ಅಲ್ಲಿಯ ಪ್ರಜೆಗಳಿಗೆ ಹೆಸರುಗಳಿಲ್ಲ, ಅಕ್ಷರವೂ ಸಂಖ್ಯೆಯೂ ಸೇರಿದ ಗುರುತುಗಳಿವೆ, ಮನೆಗಳು ಗಾಜಿನವು, ಏಳುವುದು, ಉಣ್ಣುವುದು, ನಡೆಯುವುದು, ಮಲಗುವುದು ಎಲ್ಲವೂ ಗಂಟೆಗಳ ಪಟ್ಟಿಯಂತೆ ಏಕಕಾಲದಲ್ಲಿ ಲಕ್ಷಾಂತರ ಮಂದಿಯಿಂದ ನಡೆಯುತ್ತವೆ, ತೆರೆಯನ್ನು ಇಳಿಬಿಡಬೇಕಾದರೆ ಗುಲಾಬಿ ಬಣ್ಣದ ಚೀಟಿ ಬೇಕು. ಕಾರ್ಖಾನೆಯ ಕೂಲಿಯ ಒಂದೊಂದು ಅಂಗಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಅಮೆರಿಕದ ಟೇಲರನು ಈ ರಾಜ್ಯದವರ ಪಾಲಿಗೆ ಪ್ರಾಚೀನರಲ್ಲೆಲ್ಲ ಶ್ರೇಷ್ಠನಾದ ಋಷಿ. ಹಳೆಯ ರೈಲ್ವೆ ವೇಳಾಪಟ್ಟಿ ಅವರಿಗೆ ಮಹಾಕಾವ್ಯ. ಇದು ಉತ್ಪ್ರೇಕ್ಷೆಯೆಂದು ನಾವು ನಗಬಹುದು. ಆದರೆ ಟೇಲರನ ಪದ್ಧತಿಯನ್ನು ಅಭ್ಯಸಿಸಬೇಕೆಂದು ಲೆನಿನ್ನನೇ ಬೋಧಿಸಿದ್ದನು. ಕವಿಯೂ ಕಾರ್ಮಿಕನೂ ಆಗಿದ್ದ ಅಲೆಕ್ಸೇಯ್ ಗಾಸ್ತೆವ್ ಎಂಬಾತನು ಮಾಸ್ಕೋದಲ್ಲಿ ಅದಕ್ಕೆಂದೇ ಒಂದು ಶ್ರಮಸಂಸ್ಥೆಯನ್ನು ನಡೆಸಿ, ಮನುಷ್ಯನ ಸುತ್ತಿಗೆಯ ಪೆಟ್ಟನ್ನು ಯಂತ್ರದ ನಿಯತಿಗೆ ತರಲು ಹೆಣಗುತ್ತಿದ್ದನು. ಜಮ್ಯಾತಿನ್ ಕಲ್ಪಿಸಿದುದು ಸ್ವಲ್ಪ. ಕಂಡುದನ್ನು ಗೆರೆಯೆಳೆದು ಮುಂದುವರಿಸಿದುದು ಹೆಚ್ಚು, ಎಂಜಿನಿಯರು ನಕ್ಷೆಯನ್ನು ಪೂರ್ತಿಮಾಡುವ ರೀತಿಯಲ್ಲಿ.

ಆದರೆ ಈ ಕಾದಂಬರಿಯ ಅತ್ಯಂತ ಚತುರವಾದ ಉಪಾಯವು ಗಾಜಿನ ಮನೆಗಳಲ್ಲ, ಅದರ ಆರಂಭ. ಅನ್ಯಗ್ರಹಗಳಿಗೆ ಹೋಗಿ ಅಲ್ಲಿಯ ಅಜ್ಞಾನಿಗಳನ್ನು ವಿವೇಕದ ನೊಗಕ್ಕೆ ಹೂಡಲು ಸಿದ್ಧವಾಗುತ್ತಿರುವ ಆಕಾಶನೌಕೆಯೊಂದಿದೆ. ಆ ನೌಕೆಯಲ್ಲಿ ಮೊಟ್ಟಮೊದಲು ಹೇರಬೇಕಾದ ಸರಕು ರಾಜ್ಯದ ಸ್ತುತಿ. ಆದುದರಿಂದ ಶಕ್ತಿಯಿದ್ದವರೆಲ್ಲರೂ ಪ್ರಬಂಧಗಳನ್ನೂ ಸ್ತೋತ್ರಗಳನ್ನೂ ರಚಿಸಬೇಕೆಂದು ಸರ್ಕಾರದ ಪತ್ರಿಕೆ ಕರೆಕೊಡುತ್ತದೆ. ನೌಕೆಯ ನಿರ್ಮಾಪಕನಾದ ಡಿ-503 ಆ ಕರೆಗೆ ಓಗೊಟ್ಟು ಲೇಖನಿಯನ್ನು ಹಿಡಿಯುತ್ತಾನೆ. ಎಂದರೆ, ನಾವು ಓದುತ್ತಿರುವ ನಲವತ್ತು ಟಿಪ್ಪಣಿಗಳು ಹುಟ್ಟಿದುದೇ ಪ್ರಚಾರಸಾಹಿತ್ಯವಾಗಿ. ಪ್ರಚಾರಕ್ಕೆಂದು ತೊಡಗಿದ ಬರವಣಿಗೆ, ಬರೆಯುವ ಕ್ರಿಯೆಯ ಒಳಗುಣದಿಂದಲೇ, ಬರೆಯುವವನ ಕೈತಪ್ಪಿ ಹೋಗತೊಡಗುತ್ತದೆ. ತನ್ನ ಮನಸ್ಸಿನಲ್ಲಿ ನಡೆಯುವುದನ್ನು ಲೆಕ್ಕದಷ್ಟೇ ನಿಷ್ಠೆಯಿಂದ ದಾಖಲಿಸುತ್ತೇನೆಂದು ಹೊರಟವನು ತನ್ನಲ್ಲಿ ಆತ್ಮವೆಂಬ ರೋಗ ಮೂಡಿರುವುದನ್ನು ತಾನೇ ದಾಖಲಿಸಬೇಕಾಗುತ್ತದೆ. ಕಡೆಗೆ ರಾಜ್ಯವು ಅವನ ತಲೆಯೊಳಗಿನ ಕಲ್ಪನಾಶಕ್ತಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುತ್ತದೆ. ಕೊನೆಯ ಟಿಪ್ಪಣಿ ಮತ್ತೆ ಅಚ್ಚುಕಟ್ಟಾದ ಪ್ರಚಾರ; ತಾನು ಪ್ರೀತಿಸಿದವಳ ಚಿತ್ರಹಿಂಸೆಯನ್ನು ಅವನು ಅಲ್ಲಿ ಶಾಂತಚಿತ್ತನಾಗಿ ವರ್ಣಿಸುತ್ತಾನೆ. ಕಲ್ಪನೆಯಿದ್ದವನು ಬರೆದ ಪ್ರಚಾರಕ್ಕೂ ಕಲ್ಪನೆಯಿಲ್ಲದವನು ಬರೆದ ಪ್ರಚಾರಕ್ಕೂ ಇರುವ ಅಂತರವನ್ನು ಒಂದೇ ಗ್ರಂಥದ ಎರಡು ತುದಿಗಳಲ್ಲಿಟ್ಟು ತೋರಿಸಿದ ಈ ಕೌಶಲವನ್ನು ಅವನ ತರುವಾಯ ಬಂದವರಾರೂ ಮೀರಿಸಲಿಲ್ಲ, ಆರ್ವೆಲ್ಲನೂ ಸಹ.

ಪುಸ್ತಕದ ಪಾಡು ಪುಸ್ತಕದೊಳಗಿನ ಕಥೆಗಿಂತ ಕಡಿಮೆಯದಲ್ಲ. ಸ್ವದೇಶದಲ್ಲಿ ಅದನ್ನು ಅಚ್ಚುಮಾಡಲು ಅನುಮತಿ ದೊರೆಯಲಿಲ್ಲ. ಮೊದಲು ಬೆಳಕು ಕಂಡುದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ನಡುವೆ, 1922ರಲ್ಲಿ, ಜಮ್ಯಾತಿನ್ ಮತ್ತೆ ಬಂಧಿತನಾದಾಗ, 1905ರಲ್ಲಿ ಜಾರನ ಪೊಲೀಸರು ಅವನನ್ನು ಇಟ್ಟಿದ್ದ ಸೆರೆಮನೆಗೇ ಹೊಸ ಸರ್ಕಾರದ ಪೊಲೀಸರೂ ಅವನನ್ನು ಕೊಂಡೊಯ್ದರು. 1927ರಲ್ಲಿ ಪ್ರಾಗ್ ನಗರದ ವಲಸೆಗಾರರ ಪತ್ರಿಕೆಯೊಂದು ಕಾದಂಬರಿಯ ಭಾಗಗಳನ್ನು ರಷ್ಯನ್ ಭಾಷೆಯಲ್ಲಿ ಪ್ರಕಟಿಸಿತು. ಕರ್ತೃವಿಗೆ ಅಪಾಯ ಬರಬಾರದೆಂದು ಅದರ ಸಂಪಾದಕನು, ಇದು ಚೆಕ್ ಭಾಷೆಯಿಂದ ಮರಳಿ ಅನುವಾದಿಸಿದುದೆಂಬಂತೆ ತೋರಿಸಲು ಮೂಲದ ವಾಕ್ಯಗಳನ್ನು ಅಲ್ಲಲ್ಲಿ ಕೆಡಿಸಿ ಹಾಕಿದನು. ಸ್ನೇಹದಿಂದ ಮಾಡಿದ ಈ ಫೋರ್ಜರಿಯೂ ಉಪಯೋಗಕ್ಕೆ ಬರಲಿಲ್ಲ. 1929ರಲ್ಲಿ ಜಮ್ಯಾತಿನ್‌ನ ಮೇಲೂ ಬೊರೀಸ್ ಪಿಲ್ನ್ಯಾಕ್‌ನ ಮೇಲೂ ಪತ್ರಿಕೆಗಳಲ್ಲಿ ಮುತ್ತಿಗೆ ಪ್ರಾರಂಭವಾಯಿತು. ಪುಸ್ತಕವನ್ನು ಓದಿಯೇ ಇರದವರು ಅದನ್ನು ಖಂಡಿಸುವ ನಿರ್ಣಯಗಳಿಗೆ ಕೈಯೆತ್ತಿದರು. ಪಿಲ್ನ್ಯಾಕ್ ತಪ್ಪೊಪ್ಪಿಕೊಂಡನು, 1938ರಲ್ಲಿ ಗುಂಡಿಗೆ ಗುರಿಯಾದನು. ಜಮ್ಯಾತಿನ್ ತಪ್ಪೊಪ್ಪಿಕೊಳ್ಳದೆ ಲೇಖಕರ ಸಂಘಕ್ಕೆ ರಾಜೀನಾಮೆಯಿತ್ತು, 1931ರಲ್ಲಿ ಸ್ಟಾಲಿನ್ನನಿಗೇ ಪತ್ರ ಬರೆದನು. ಬರೆಯಲಾಗದೆ ಬದುಕುವುದು ತನ್ನಂಥವನಿಗೆ ಮರಣದಂಡನೆಯೇ ಆದುದರಿಂದ ಅದನ್ನು ದೇಶತ್ಯಾಗದ ಶಿಕ್ಷೆಯಾಗಿ ಬದಲಿಸಬೇಕೆಂಬುದು ಅದರ ತಾತ್ಪರ್ಯ. ಗಾರ್ಕಿಯ ಮಧ್ಯಸ್ಥಿಕೆಯಿಂದ ಅಚ್ಚರಿಯೆಂಬಂತೆ ಅನುಮತಿ ಸಿಕ್ಕಿತು. 1937ರ ಮಾರ್ಚಿನಲ್ಲಿ ಅವನು ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡನು. ಪೂರ್ಣವಾದ ರಷ್ಯನ್ ಮೂಲ 1952ರಲ್ಲಿ, ಅದೂ ನ್ಯೂಯಾರ್ಕಿನಲ್ಲಿ, ಹೊರಬಂದಿತು.

ಅವನು ತೀರಿಕೊಂಡ ವರ್ಷವೇ ಇಂಗ್ಲೆಂಡಿನಲ್ಲಿ ಮರ್ರೇ ಕಾನ್‌ಸ್ಟಂಟೈನ್ ಎಂಬ ಪುರುಷನಾಮದಿಂದ ಒಂದು ಕಾದಂಬರಿ ಪ್ರಕಟವಾಯಿತು. ಹಿಟ್ಲರನ ಕಾಲವಾಗಿ ಏಳುನೂರು ವರ್ಷಗಳಾದ ಬಳಿಕ ಅವನನ್ನು ದೇವರೆಂದು ಪೂಜಿಸುವ ಜಗತ್ತು ಅಲ್ಲಿ ಚಿತ್ರಿತವಾಗಿದೆ. ಹಳೆಯ ಗ್ರಂಥಗಳೆಲ್ಲವೂ ನಾಶವಾಗಿವೆ. ಆ ದೇವರು ಸಾಮಾನ್ಯ ರೂಪಿನ ಮನುಷ್ಯನಾಗಿದ್ದನೆಂಬುದಕ್ಕೆ ಒಂದೇ ಒಂದು ಛಾಯಾಚಿತ್ರ ಗುಟ್ಟಾಗಿ ಉಳಿದಿದೆ. ಬರೆದಾಕೆ ಕ್ಯಾಥರೀನ್ ಬರ್ಡೆಕಿನ್ ಎಂಬುದು ಲೋಕಕ್ಕೆ ತಿಳಿಯುವಾಗ ಅರ್ಧ ಶತಮಾನವೇ ಸಂದಿತ್ತು. 1940ರಲ್ಲಿ ಸ್ವೀಡನ್ನಿನ ಕವಯಿತ್ರಿ ಕಾರಿನ್ ಬೋಯೆ ‘ಕಲೊಕೈನ್’ ಎಂಬ ಕಾದಂಬರಿಯನ್ನು ಬರೆದಳು. ಮನದ ಮಾತನ್ನು ಬಲವಂತವಾಗಿ ಹೊರಡಿಸುವ ಔಷಧವನ್ನು ಕಂಡುಹಿಡಿದ ರಸಾಯನಶಾಸ್ತ್ರಜ್ಞನೇ ಅದರ ನಿರೂಪಕ. ಸೋವಿಯತ್ ದೇಶವನ್ನೂ, ಹಿಟ್ಲರನು ಅಧಿಕಾರಕ್ಕೆ ಏರುತ್ತಿದ್ದ ದಿನಗಳ ಬರ್ಲಿನ್ನನ್ನೂ ಆಕೆ ಕಣ್ಣಾರೆ ಕಂಡಿದ್ದಳು. ಹಕ್ಸ್‌ಲಿಯ ಪ್ರಸಿದ್ಧ ಕೃತಿಯನ್ನು ನಾನು ಬೇಕೆಂದೇ ಬದಿಗಿಟ್ಟಿದ್ದೇನೆ; ಅವನ ಲೋಕದಲ್ಲಿ ಓದಬೇಕೆಂಬ ಬಯಕೆಯೇ ಸತ್ತಿರುವುದರಿಂದ ಕತ್ತರಿಗೆ ಅಷ್ಟು ಕೆಲಸವಿಲ್ಲ.

ಆರ್ವೆಲ್ಲನ ವಿಷಯದಲ್ಲಿ ಕಸುಬಿನ ಪರಿಚಯವು ಇನ್ನೂ ನೇರವಾದುದು. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ಸರ್ಕಾರದ ಅಫೀಮು ಇಲಾಖೆಯ ಅಧಿಕಾರಿಯೊಬ್ಬನ ಮಗನಾಗಿ ಎರಿಕ್ ಬ್ಲೇರ್ ಎಂಬ ಹೆಸರಿನಿಂದ ಹುಟ್ಟಿದ ಇವನು ಬರ್ಮದಲ್ಲಿ ಪೊಲೀಸ್ ಕೆಲಸ ಮಾಡಿದನು, ಬಿಟ್ಟನು, ಬರೆದನು. 1936ರ ಕೊನೆಯಲ್ಲಿ ಸ್ಪೇನಿಗೆ ಹೋಗಿ ಗಣರಾಜ್ಯದ ಪರವಾಗಿ ಬಂದೂಕು ಹಿಡಿದು ಮರುವರ್ಷ ಕೊರಳಿಗೆ ಗುಂಡು ತಗುಲಿಸಿಕೊಂಡನು. ಆದರೆ ಆ ಗುಂಡಿಗಿಂತ ಆಳವಾಗಿ ಅವನನ್ನು ತಾಕಿದುದು ಪತ್ರಿಕೆಗಳು. ಕಾದಾಟವೇ ನಡೆಯದ ಎಡೆಗಳಲ್ಲಿ ಮಹಾಯುದ್ಧಗಳ ವರದಿ, ನೂರಾರು ಮಂದಿ ಸತ್ತ ಕಡೆ ಮೌನ, ತನ್ನೊಡನೆ ಕಂದಕದಲ್ಲಿ ಚಳಿಗೆ ನಡುಗುತ್ತ ಕಾದಾಡಿದವರಿಗೆ ಫ್ಯಾಸಿಸ್ಟರ ಗೂಢಚಾರರೆಂಬ ಬಿರುದು. ಪತ್ರಿಕೆಗಳು ಸುಳ್ಳು ಹೇಳುವುದನ್ನು ಎಲ್ಲರೂ ಬಲ್ಲರು. ನಡೆದುದಕ್ಕೂ ವರದಿಗೂ ಸುಳ್ಳಿನ ಸಂಬಂಧ ಕೂಡ ಇಲ್ಲದಿರುವುದನ್ನು ಅವನು ಮೊದಲು ಕಂಡುದು ಅಲ್ಲಿ.

1941ರ ಆಗಸ್ಟಿನಿಂದ 1943ರ ನವೆಂಬರ್‌ವರೆಗೆ ಅವನು ಬಿ.ಬಿ.ಸಿ.ಯ ಪೌರಸ್ತ್ಯ ವಿಭಾಗದಲ್ಲಿ, ಭಾರತಕ್ಕೆ ಕಳುಹಿಸುವ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಉದ್ಯೋಗದಲ್ಲಿದ್ದನು. ಕಾಂಗ್ರೆಸ್ಸಿನ ನಾಯಕರು ಸೆರೆಮನೆಯಲ್ಲಿದ್ದ, ‘ಕ್ವಿಟ್ ಇಂಡಿಯಾ’ ಚಳವಳಿಯಿಂದ ದೇಶವೆಲ್ಲ ಕುದಿಯುತ್ತಿದ್ದ ಕಾಲ ಅದು. ಸ್ವತಃ ಭಾರತದ ಸ್ವಾತಂತ್ರ್ಯವನ್ನು ಬಯಸುತ್ತಿದ್ದವನು ಬ್ರಿಟಿಷ್ ಸರ್ಕಾರದ ದನಿಯಾಗಿ ಭಾರತೀಯರಿಗೆ ಯುದ್ಧವಾರ್ತೆಗಳ ವಿಮರ್ಶೆಯನ್ನು ಬರೆದನು. ಅವು ಗುಜರಾತಿ, ಮರಾಠಿ, ತಮಿಳು ಮೊದಲಾದ ಭಾಷೆಗಳಿಗೆ ತರ್ಜುಮೆಯಾಗಿ ಪ್ರಸಾರವಾದುವು. ಮುಲ್ಕ್ ರಾಜ್ ಆನಂದರು ಅವನ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರಲ್ಲೊಬ್ಬರು. ಪ್ರತಿಯೊಂದು ಬರಹಕ್ಕೂ ಮುಂಚಿತವಾಗಿ ಸೆನ್ಸಾರಿನ ಮುದ್ರೆ ಬೀಳಬೇಕಾಗಿತ್ತು. ಓದುವವನು ಅಂಗೀಕೃತವಾದ ಪಾಠದಿಂದ ಜಾರಿದರೆ ಪ್ರಸಾರವನ್ನು ಕಡಿದುಹಾಕಲು ಒಬ್ಬನು ಸ್ವಿಚ್ಚಿನ ಬಳಿ ಕುಳಿತಿರುತ್ತಿದ್ದನು. ಅತ್ತ ಅವನ ಪತ್ನಿ ಐಲೀನ್ ಯುದ್ಧದ ಮೊದಲ ವರ್ಷಗಳಲ್ಲಿ ಸೆನ್ಸಾರ್ ಇಲಾಖೆಯಲ್ಲಿಯೇ ಕೆಲಸಕ್ಕಿದ್ದಳು. ಲಂಡನ್ ವಿಶ್ವವಿದ್ಯಾನಿಲಯದ ಸೆನೆಟ್ ಹೌಸ್ ಎಂಬ ಬೃಹತ್ತಾದ ಬಿಳಿಯ ಕಟ್ಟಡದಲ್ಲಿ ಆಗ ವಾರ್ತಾ ಸಚಿವಾಲಯವಿತ್ತು. ಕಾದಂಬರಿಯ ಸತ್ಯ ಸಚಿವಾಲಯದ ಆಕಾರ ಅದರಿಂದ ಬಂದಿತು. ಅಲ್ಲಿಯ ಉಪಾಹಾರಗೃಹದ ಕೊಳಕು ಬಿ.ಬಿ.ಸಿ.ಯಿಂದ ಬಂದಿತೆಂದು ಹೇಳುವುದುಂಟು.

1946ರಿಂದ 48ರವರೆಗೆ ಸ್ಕಾಟ್ಲೆಂಡಿನ ಜೂರಾ ದ್ವೀಪದ ಒಂಟಿಮನೆಯೊಂದರಲ್ಲಿ, ಕ್ಷಯದಿಂದ ಕೃಶನಾಗುತ್ತ, ಅವನು ಬರೆದ ‘1984’ ಕಾದಂಬರಿಯನ್ನು ಜನರು ನೆನೆಯುವುದು ಗೋಡೆಯ ಮೇಲಿನ ಮೀಸೆಯ ಮುಖದಿಂದ, ಚಿತ್ರಹಿಂಸೆಯ ಕೋಣೆಯಿಂದ. ನನಗೆ ಅದರ ಮರ್ಮಸ್ಥಾನವೆಂದು ತೋರುವುದು ನಾಯಕನಾದ ವಿನ್‌ಸ್ಟನ್ನನ ಕಚೇರಿಯ ಒಂದು ಬೆಳಗು. ಹಳೆಯ ಪತ್ರಿಕೆಯೊಂದರಲ್ಲಿ ಅಧಿನಾಯಕನು ಹೊಗಳಿದ್ದ ವ್ಯಕ್ತಿ ಈಗ ಕಣ್ಮರೆಯಾಗಿದ್ದಾನೆ, ಭಾಷಣವನ್ನು ತಿದ್ದಬೇಕು. ವಿನ್‌ಸ್ಟನ್ ಬರಿದೆ ಹೆಸರನ್ನು ಹೊಡೆದುಹಾಕುವುದಿಲ್ಲ. ಓಗಿಲ್ವಿ ಎಂಬ ವೀರನನ್ನು, ಅವನ ಬಾಲ್ಯದ ಆಟಿಕೆಗಳಿಂದ ಹಿಡಿದು ರಣದಲ್ಲಿ ಅವನ ಮರಣದವರೆಗೆ, ಕ್ಷಣಗಳಲ್ಲಿ ಸೃಷ್ಟಿಸಿ ಆ ತೆರಪಿನಲ್ಲಿ ನಿಲ್ಲಿಸುತ್ತಾನೆ. ನಾಳೆಯಿಂದ ಓಗಿಲ್ವಿ ಚರಿತ್ರೆಯ ಯಾವ ಚಕ್ರವರ್ತಿಗೂ ಕಡಿಮೆಯಿಲ್ಲದಷ್ಟು ನಿಜ. ಈ ಕೆಲಸದಲ್ಲಿ ವಿನ್‌ಸ್ಟನ್ನನಿಗೆ ಸಂತೋಷವಿದೆ. ಅವನ ಬಾಳಿನ ಅತಿದೊಡ್ಡ ಸುಖ ಅದೇ ಎಂದು ಆರ್ವೆಲ್ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ರಾಜ್ಯವನ್ನು ದ್ವೇಷಿಸುವವನೇ ರಾಜ್ಯದ ಸುಳ್ಳನ್ನು ಅಂದವಾಗಿ ಹೆಣೆದು ತೃಪ್ತಿಪಡುವ ಈ ಗಳಿಗೆಯನ್ನು ಬರೆಯಬೇಕಾದರೆ ಎರಡು ವರ್ಷ ಆ ಬಗೆಯ ಮೇಜಿನ ಮುಂದೆ ಕುಳಿತಿರಬೇಕು. ಅವನ ಪ್ರೇಯಸಿ ಜೂಲಿಯಾ ಅದೇ ಸಚಿವಾಲಯದಲ್ಲಿ, ಜನಸಾಮಾನ್ಯರಿಗಾಗಿ ಕಾದಂಬರಿಗಳನ್ನು ಉತ್ಪಾದಿಸುವ ಯಂತ್ರಗಳನ್ನು ನೋಡಿಕೊಳ್ಳುವವಳು. ಕಾದಂಬರಿಕಾರನ ವೃತ್ತಿಯನ್ನೂ ರಾಜ್ಯವು ವಹಿಸಿಕೊಂಡುಬಿಟ್ಟಿದೆಯೆಂಬುದನ್ನು ಇದಕ್ಕಿಂತ ಒರಟಾಗಿ ಹೇಳುವಂತಿಲ್ಲ. ಎರಡೂ ಎರಡೂ ಸೇರಿ ಐದೆಂಬ ಪ್ರಸಿದ್ಧ ಲೆಕ್ಕಕ್ಕೂ ವಾಸ್ತವದ ಆಧಾರವಿತ್ತು: ಐದು ವರ್ಷದ ಯೋಜನೆಯನ್ನು ನಾಲ್ಕರಲ್ಲಿ ಮುಗಿಸುವ ಉತ್ಸಾಹದಲ್ಲಿ 1931ರ ಸೋವಿಯತ್ ಭಿತ್ತಿಪತ್ರವೊಂದು, ಕಾರ್ಮಿಕರ ಹುರುಪನ್ನು ಕೂಡಿಸಿ, ಇದೇ ಸಮೀಕರಣವನ್ನು ದಪ್ಪ ಅಂಕಿಗಳಲ್ಲಿ ಸಾರಿತ್ತು.

ಜಮ್ಯಾತಿನ್‌ನ ಋಣವನ್ನು ಆರ್ವೆಲ್ ಅಡಗಿಸಲಿಲ್ಲ. ರಷ್ಯನ್ ಸಾಹಿತ್ಯದ ವಿದ್ವಾಂಸನಾದ ಗ್ಲೇಬ್ ಸ್ತ್ರೂವೆಯ ಗ್ರಂಥದಿಂದ ‘ನಾವು’ ಕಾದಂಬರಿಯ ಸುಳಿವನ್ನು ಪಡೆದು, ತಾನೂ ಅಂಥ ಒಂದು ಪುಸ್ತಕಕ್ಕೆ ಟಿಪ್ಪಣಿಗಳನ್ನು ಮಾಡಿಕೊಳ್ಳುತ್ತಿರುವೆನೆಂದು 1944ರಲ್ಲಿ ಅವನಿಗೆ ಬರೆದನು. ಫ್ರೆಂಚ್ ಅನುವಾದವನ್ನು ದೊರಕಿಸಿಕೊಂಡು 1946ರ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಅದನ್ನು ವಿಮರ್ಶಿಸಿದನು.

ಈ ನಡುವೆ ಅವನ ಇನ್ನೊಂದು ಸಣ್ಣ ಕೃತಿ, ‘ಅನಿಮಲ್ ಫಾರ್ಮ್’, ಯುದ್ಧಕಾಲದ ಇಂಗ್ಲೆಂಡಿನಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆಯಿತು. ರಷ್ಯ ಆಗ ಮಿತ್ರರಾಷ್ಟ್ರ. ಕಾನೂನಿನ ತಡೆ ಯಾವುದೂ ಇರಲಿಲ್ಲ. ಆದರೂ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದೆಗೆದರು. ಅವರಲ್ಲೊಬ್ಬನು ವಾರ್ತಾ ಸಚಿವಾಲಯದ ಅಧಿಕಾರಿಯ ಸಲಹೆಯನ್ನು ಕೇಳಿ, ಆಳುವ ಪ್ರಾಣಿಗಳು ಹಂದಿಗಳಾಗಿರದೆ ಬೇರಾವುದಾದರೂ ಆಗಿದ್ದರೆ ಅಷ್ಟು ನೋವಾಗದೆಂದು ಸೂಚಿಸಿದನು. 1945ರ ಆಗಸ್ಟಿನಲ್ಲಿ ಪುಸ್ತಕ ಹೊರಬಂದ ಬಳಿಕ, ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಉಕ್ರೇನಿಯನರಿಗಾಗಿ 1947ರಲ್ಲಿ ಅವರ ಭಾಷೆಯಲ್ಲಿ ಒಂದು ಮುದ್ರಣ ಸಿದ್ಧವಾಯಿತು. ಆರ್ವೆಲ್ ಹಣವನ್ನು ಅಪೇಕ್ಷಿಸದೆ ಮುನ್ನುಡಿಯನ್ನೂ ಬರೆದುಕೊಟ್ಟನು. ಮ್ಯೂನಿಕ್ಕಿನ ಅಮೆರಿಕನ್ ಅಧಿಕಾರಿಗಳು ಅದರ ಸುಮಾರು 1,500 ಪ್ರತಿಗಳನ್ನು ಹಿಡಿದು ಸೋವಿಯತ್ ಅಧಿಕಾರಿಗಳ ವಶಕ್ಕೆ ಒಪ್ಪಿಸಿದರು. ಗಾಳಿ ತಿರುಗಲು ಬಹಳ ಕಾಲ ಹಿಡಿಯಲಿಲ್ಲ. 1954ರಲ್ಲಿ ಅದೇ ಕಥೆ ವ್ಯಂಗ್ಯಚಿತ್ರದ ಸಿನಿಮಾ ಆದಾಗ ಅಮೆರಿಕದ ಗೂಢಚಾರ ಸಂಸ್ಥೆಯಾದ ಸಿ.ಐ.ಎ. ಅದಕ್ಕೆ ಗುಪ್ತವಾಗಿ ಹಣ ಒದಗಿಸಿತು. ಹಂದಿಗಳ ಮುಖವೂ ಮನುಷ್ಯರ ಮುಖವೂ ಬೇರೆಬೇರೆಯಾಗಿ ತೋರದಂತಾಗುವ ಮೂಲದ ಮುಕ್ತಾಯವನ್ನು ತೆಗೆದು, ಪ್ರಾಣಿಗಳು ಹಂದಿಗಳ ಮೇಲೆ ದಂಗೆಯೇಳುವ ಮುಕ್ತಾಯವೊಂದನ್ನು ಅಲ್ಲಿ ಇಟ್ಟರು. ಪ್ರಚಾರವನ್ನು ಕುರಿತ ಎಚ್ಚರಿಕೆಯೇ ಪ್ರಚಾರದ ಸರಕಾಯಿತು. ಆ ಕಸುಬಿನ ದೃಷ್ಟಿಯಿಂದ ನೋಡಿದರೆ ಮುಕ್ತಾಯದ ತಿದ್ದುಪಡಿ ಲಕ್ಷಣವಾಗಿಯೇ ಇತ್ತು.

ಇತ್ತ ಪೂರ್ವ ಯೂರೋಪಿನಲ್ಲಿ ‘1984’ ಕೈಯಿಂದ ಕೈಗೆ ಗುಟ್ಟಾಗಿ ಸಂಚರಿಸಿತು. ಪೋಲೆಂಡಿನ ಕವಿ ಚೆಸ್ಲಾವ್ ಮಿವೋಶ್ 1953ರಲ್ಲಿ ಬರೆದಂತೆ, ಅಲ್ಲಿ ಅದನ್ನು ಓದಿದವರಿಗೆ ಬೆರಗಾದುದು, ರಷ್ಯದಲ್ಲಿ ಎಂದೂ ಬಾಳದವನೊಬ್ಬನು ತಮ್ಮ ಬಾಳನ್ನು ಇಷ್ಟು ನಿಕಟವಾಗಿ ಹೇಗೆ ತಿಳಿದನೆಂಬುದು. ತಿಳಿದುದು ಬಾಳನ್ನಲ್ಲ, ಕಸುಬನ್ನು. ಕಸುಬು ಲಂಡನ್ನಿನಲ್ಲಿಯೂ ಇದ್ದಿತು, ಅಷ್ಟು ಉಗ್ರವಾಗಿರಲಿಲ್ಲವಷ್ಟೆ. ಸೋವಿಯತ್ ಓದುಗರಿಗೆ ‘ನಾವು’ ಅಚ್ಚಿನಲ್ಲಿ ದೊರೆತುದು 1988ರಲ್ಲಿ, ‘ಜ್ನಾಮ್ಯ’ ಪತ್ರಿಕೆಯ ಮೂಲಕ. ‘1984’ ಮರುವರ್ಷ ‘ನೋವಿ ಮೀರ್’ನಲ್ಲಿ ಬಂದಿತು.

ಸರ್ವಾಧಿಕಾರವೂ ಇಲ್ಲದ, ಸಚಿವಾಲಯವೂ ಇಲ್ಲದ ಎಡೆಯಲ್ಲಿ ಈ ಕೈಗೆಲಸ ಹೇಗೆ ನಡೆಯುತ್ತದೆಂಬುದಕ್ಕೆ ಅಮೆರಿಕದ ರೇ ಬ್ರಾಡ್ಬರಿಯ ಕೃತಿಯ ಪ್ರಸಂಗವಿದೆ. ನಾಟ್ಸಿಗಳು 1933ರಲ್ಲಿ ಬರ್ಲಿನ್ನಿನಲ್ಲಿ ನಡೆಸಿದ ಪುಸ್ತಕದಹನವನ್ನೂ, ತನ್ನ ದೇಶದ ಮೆಕಾರ್ಥಿಯ ದಿನಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಗ್ರಂಥಗಳನ್ನು ಸುಡುವುದೇ ಉದ್ಯೋಗವಾದ ರಾಜ್ಯವೊಂದನ್ನು ಅವನು 1953ರಲ್ಲಿ ‘ಫ್ಯಾರನ್‌ಹೀಟ್ 451’ ಎಂಬ ಕಾದಂಬರಿಯಲ್ಲಿ ಕಲ್ಪಿಸಿದನು. ವಿಶ್ವವಿದ್ಯಾನಿಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ ಹತ್ತು ಸೆಂಟಿನಂತೆ ಬಾಡಿಗೆ ತೆತ್ತ ಟೈಪ್‌ರೈಟರಿನ ಮೇಲೆ ಅದರ ಮೊದಲ ಕರಡು ಸಿದ್ಧವಾಗಿತ್ತು. 1967ರಲ್ಲಿ ಅದರ ಪ್ರಕಾಶಕರೇ ಶಾಲೆಗಳಿಗೆಂದು ಬೇರೊಂದು ಮುದ್ರಣವನ್ನು ತೆಗೆದರು. ಮಕ್ಕಳ ಕಿವಿಗೆ ತಕ್ಕುದಲ್ಲವೆಂದು ತೋರಿದ ಬೈಗುಳಗಳು ಹೋದುವು. ಸುಮಾರು ಎಪ್ಪತ್ತೈದು ಕಡೆ ಪಾಠ ಬದಲಾಯಿತು. ಒಂದೆಡೆ ಕುಡಿದಿದ್ದವನು ಕಾಯಿಲೆಯವನಾದನು, ಇನ್ನೊಂದೆಡೆ ಹೊಕ್ಕುಳನ್ನು ಶುಚಿಮಾಡುವ ಮಾತು ಕಿವಿಯನ್ನು ಶುಚಿಮಾಡುವುದಾಯಿತು. ಯಾರೂ ಆಜ್ಞೆ ಮಾಡಿರಲಿಲ್ಲ, ಯಾರಿಗೂ ಕೆಡುಕಿನ ಉದ್ದೇಶವಿರಲಿಲ್ಲ. ಕರ್ತೃವಿಗೆ ಮಾತ್ರ ತಿಳಿಸಿರಲಿಲ್ಲ. ಕೆಲವು ಕಾಲ ಎರಡು ಪಾಠಗಳೂ ಜತೆಜತೆಯಾಗಿ ಅಚ್ಚಾಗಿ, 1973ರಿಂದ ಮುಂದಕ್ಕೆ ಆರು ವರ್ಷ, ತಿದ್ದಿದ ಪಾಠವೊಂದೇ ಮಾರಾಟಕ್ಕೆ ಉಳಿಯಿತು. ಸುದ್ದಿ 1979ರಲ್ಲಿ ಬ್ರಾಡ್ಬರಿಯ ಕಿವಿಗೆ ಬಿದ್ದಿತು. ಅವನು ಸಿಟ್ಟಾಗಿ ಒತ್ತಾಯಿಸಿದ ಮೇಲೆ ಮೂಲಪಾಠವು ಮರಳಿತು, ಜತೆಗೆ ಅವನ ಖಾರವಾದ ಹಿನ್ನುಡಿಯೊಂದೂ ಸೇರಿತು. ತಿದ್ದಿದ ಪ್ರತಿಗಳಲ್ಲಿ ತಿದ್ದಲಾಗಿದೆಯೆಂಬ ಸೂಚನೆ ಎಲ್ಲಿಯೂ ಇರಲಿಲ್ಲವಾದುದರಿಂದ, ಆ ವರ್ಷಗಳ ಪ್ರತಿಯೊಂದು ಹಳೆಯ ಪುಸ್ತಕದಂಗಡಿಯಲ್ಲಿ ಕೈಗೆ ಸಿಕ್ಕಿದರೆ, ಅದು ಯಾವ ಪಾಠವೆಂದು ನಿರ್ಣಯಿಸಲು ಆ ಕುಡುಕನ ಪುಟವನ್ನು ತೆಗೆದು, ಅವನು ಇನ್ನೂ ಕುಡಿದಿರುವನೋ ಕಾಯಿಲೆ ಬಿದ್ದಿರುವನೋ ಎಂದು ನೋಡಬೇಕು.